ಟ್ರಂಕಿನ ತಳದಲ್ಲಿದ್ದ ತೊಗಲು: ಪುಣೆಯ ಒಂದು ಕನ್ನಡ ಮನೆಯ ಪ್ರಕರಣ

ಪುಣೆಯಲ್ಲಿ ಮೂವತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದವನು ನಾನು. ನಿವೃತ್ತಿಯಾದ ಮೇಲೆ ಇಲ್ಲಿನ ಕನ್ನಡದವರು ಮನೆಗೆ ಹಾವು ಬಂದರೂ ನನಗೇ ಫೋನ್ ಮಾಡುತ್ತಾರೆ, ಮಗಳಿಗೆ ನೀಟ್‌ನಲ್ಲಿ ಅಂಕ ಕಡಿಮೆ ಬಿದ್ದರೂ ನನಗೇ ಫೋನ್ ಮಾಡುತ್ತಾರೆ. ಅಂಥ ಒಂದು ಫೋನಿನಿಂದ ಶುರುವಾದದ್ದು ಇದು. ಮನೆಯವರನ್ನು ಕೇಳಿ, ಅವರು ಹೂಂ ಅಂದ ಮೇಲೇ ಬರೆಯುತ್ತಿದ್ದೇನೆ. ಊರು, ಬಡಾವಣೆ, ಉದ್ಯೋಗ ಅಲ್ಲಲ್ಲಿ ಬದಲಾಗಿವೆ. ಫೋಟೋದ ಹಿಂದಿನ ಇಸವಿಯನ್ನೂ ದಿನಗಳ ಲೆಕ್ಕವನ್ನೂ ಮಾತ್ರ ಮುಟ್ಟಿಲ್ಲ. ಅವೆರಡನ್ನು ಬದಲಿಸಿದರೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ.

ಹಿನ್ನೆಲೆ

ತೀರಿಕೊಂಡ ಹಿರಿಯರು ಜಮಖಂಡಿ ಕಡೆಯವರು. ಹದಿನಾರನೇ ವಯಸ್ಸಿಗೆ ಮನೆಯಲ್ಲಿ ಜಗಳವಾಡಿ, ಮಿರಜಿನಲ್ಲಿ ತಂಬು ಹಾಕಿದ್ದ ಸರ್ಕಸ್ಸು ಸೇರಿದರು. ಭಾರತೀಯರೇ ಕಟ್ಟಿದ ಮೊದಲ ಸರ್ಕಸ್ಸು 1880ರಲ್ಲಿ ವಿಷ್ಣುಪಂತ ಛತ್ರೆಯವರದು. ಆಮೇಲೆ ಸಾಂಗಲಿ ಸೀಮೆಯಲ್ಲಿ ಒಂದರ ಹಿಂದೆ ಒಂದು ತಂಬು ಎದ್ದವು. ಆ ಕಡೆಯ ಹುಡುಗರು ಮನೆ ಬಿಟ್ಟರೆ ಒಂದೋ ಮುಂಬಯಿ, ಇಲ್ಲವೇ ಸರ್ಕಸ್ಸು ಎನ್ನುವ ಕಾಲ ಅದು. ಇವರದು ಬೋನಿನ ಹಿಂದಿನ ಕೆಲಸ: ಮಾಂಸ ಕಡಿಯುವುದು, ಬೋನು ತೊಳೆಯುವುದು, ಮರಿ ಹಾಕಿದ ಪ್ರಾಣಿಗೆ ರಾತ್ರಿ ಕಾವಲು. ಮದುವೆಯಾದ ಮೇಲೂ ಕೆಲವು ವರ್ಷ ಹೆಂಡತಿಯನ್ನು ಕಟ್ಟಿಕೊಂಡು ತಂಬಿನ ಹಿಂದೆ ಊರೂರು ತಿರುಗಿದರು. ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕ ಮೇಲೆ ಪುಣೆಯಲ್ಲಿ ನೆಲೆ ನಿಂತರು. ಮಕ್ಕಳು ಮೂವರು. ಹೆಸರಿನ ಬದಲು ಅವರನ್ನು ಅಣ್ಣ, ತಮ್ಮ, ತಂಗಿ ಎಂದೇ ಕರೆಯುತ್ತೇನೆ.

ಸಂಜೆಯ ಎರಡನೇ ಚಹಾ ಆದ ಮೇಲೆ ಮುದುಕರು ಹೇಳುತ್ತಿದ್ದ ಕಥೆಗಳಲ್ಲಿ ಒಂದು ಲೈಗರ್ ಮರಿಯದು. ಸಿಂಹಕ್ಕೂ ಹುಲಿಗೂ ಹುಟ್ಟಿದ ಮರಿಯನ್ನು ತಾನು ಬಟ್ಟಲಲ್ಲಿ ಹಾಲು ಕುಡಿಸಿ ಸಾಕಿದೆ, ಎರಡು ತಿಂಗಳಿಗೆ ಅದು ಸತ್ತಿತು ಎನ್ನುತ್ತಿದ್ದರು. ಮೊಮ್ಮಕ್ಕಳು ಬಾಯಿ ಬಿಟ್ಟು ಕೇಳುತ್ತಿದ್ದರು, ಮಕ್ಕಳು ಎದ್ದು ಹೋಗುತ್ತಿದ್ದರು.

ಅವರು ತೀರಿಕೊಂಡ ಹದಿನಾರನೇ ದಿನ ತಂಗಿಯ ಫೋನ್ ಬಂತು. "ಸರ, ಅಪ್ಪನ ಟ್ರಂಕಿನ್ಯಾಗ ಒಂದು ತೊಗಲು ಸಿಕ್ಕೈತ್ರಿ. ಹುಲೀದೋ ಸಿಂಹದ್ದೋ ತಿಳೀವಲ್ದು. ಒಮ್ಮೆ ಬಂದು ನೋಡ್ತೀರೇನ್ರಿ?"

ಮಂಚದ ಮೇಲೆ ಬಿಳಿ ದುಪ್ಪಟಿ ಹಾಸಿ ಹರವಿಟ್ಟಿದ್ದರು. ನುಸಿಗುಳಿಗೆಯ ಘಾಟಿಗೆ ಕಣ್ಣಲ್ಲಿ ನೀರು ಬಂತು. ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಟೇಪು ಹಿಡಿದೆ: 58 ಸೆಂಟಿಮೀಟರ್. ಹಾಲು ಹೆಚ್ಚಾದ ಚಹಾದ ಬಣ್ಣ. ಹೊಟ್ಟೆಯ ಅಂಚಿನಲ್ಲಿ, ಹಿಂಗಾಲಿನ ಮೇಲೆ ಕಂದು ಚುಕ್ಕೆಗಳು. ಸೊಂಟದ ಹತ್ತಿರ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುವ ನಾಲ್ಕೈದು ಅಡ್ಡಗೆರೆಗಳು. ನೇರ ಬೆಳಕಿಗೆ ತಿರುಗಿಸಿದರೆ ಅವು ಮಾಯ. ಒಂದು ಕಿವಿ ನುಸಿ ತಿಂದು ಹೋಗಿತ್ತು. ಇನ್ನೊಂದು ಒಣಗಿ ಹಪ್ಪಳದ ಹಾಗೆ ಮಡಚಿಕೊಂಡಿತ್ತು.

ತೊಗಲಿನ ಜೊತೆ ಒಂದು ಎನಾಮಲ್ ಬಟ್ಟಲು, ಒಂದು ಕಪ್ಪು ಬಿಳುಪು ಫೋಟೋ. ಹಿಂದೆ ಮಿರಜಿನ ಸ್ಟುಡಿಯೋದ ಮೊಹರು, 1969. ಮೀಸೆ ಇನ್ನೂ ಸರಿಯಾಗಿ ಬಾರದ ಹುಡುಗ, ತೊಡೆಯ ಮೇಲೆ ಮರಿ, ಪಕ್ಕದಲ್ಲಿ ಅದೇ ಬಟ್ಟಲು. ಮರಿ ಅಲುಗಾಡಿ ಮಸಕಾಗಿದೆ. ಬಟ್ಟಲು ಮಾತ್ರ ಚೊಕ್ಕವಾಗಿ ಬಂದಿದೆ.

ತಕರಾರು

ಅಣ್ಣನಿಗೆ ಅದು ಲೈಗರ್ ಆಗಿರಲೇಬೇಕಿತ್ತು. ಅಪ್ಪನ ಮಾತು ಸುಳ್ಳಾಗಬಾರದು ಎನ್ನುವುದು ಒಂದು ಕಾರಣ. ಇನ್ನೊಂದನ್ನು ಅವರು ತಗ್ಗಿದ ದನಿಯಲ್ಲಿ ಹೇಳಿದರು: "ಕಾನೂನಿನ ಪಟ್ಟಿಯಾಗ ಹುಲಿ ಐತಿ, ಸಿಂಹ ಐತಿ. ಲೈಗರ್ ಎಲ್ಲೈತ್ರಿ ಸರ? ಲೈಗರ್ ಅಂತ ಸಾಬೀತಾದ್ರ ನಮಗ ಯಾರ ಹಂಗೂ ಇಲ್ಲ." ತಮ್ಮನಿಗೆ ಕೈಕಾಲು ನಡುಗುತ್ತಿದ್ದವು. ರಾತ್ರೋರಾತ್ರಿ ಸುಟ್ಟುಬಿಡೋಣ ಎನ್ನುತ್ತಿದ್ದರು. ತಂಗಿಗೆ ಅದು ಯಾವುದಾದರೂ ಮ್ಯೂಸಿಯಂ ಸೇರಿ, ಕೆಳಗೆ ಅಪ್ಪನ ಹೆಸರಿನ ಚೀಟಿ ಇರಬೇಕೆಂಬ ಆಸೆ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅವರನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಈ ಪ್ರಕರಣದಲ್ಲಿ ನನ್ನ ಮೊದಲ ತಪ್ಪು ಅದು.

ಎರಡನೆಯದು ಇನ್ನೂ ದೊಡ್ಡದು. ಮೂವರೂ ಕೇಳಿದ ಪ್ರಶ್ನೆಗಳನ್ನೆಲ್ಲ ನಾನು ಒಂದೇ ಪ್ರಶ್ನೆ ಮಾಡಿಕೊಂಡೆ: ಇದು ಯಾವ ಪ್ರಾಣಿ? ಮೇಷ್ಟ್ರ ಚಟ. ಗೊತ್ತಿಲ್ಲದ್ದು ಎದುರಿಗೆ ಬಂದರೆ ಮೊದಲು ಹೆಸರು ಹುಡುಕುವುದು.

ಅಪ್ಪ ಮೊದಲೋ ಅವ್ವ ಮೊದಲೋ

ಅಣ್ಣನ ಮಗ ಮೊಬೈಲು ಹಿಡಿದು ಅಮೆರಿಕದ ಸೌತ್ ಕೆರೊಲಿನಾದ ಹರ್ಕ್ಯುಲಿಸ್ ಎಂಬ ಲೈಗರನ್ನು ತೋರಿಸಿದ. ಗಿನ್ನಿಸ್ ದಾಖಲೆಯಲ್ಲಿ ಅದರ ತೂಕ 418.2 ಕಿಲೋ, ಉದ್ದ 3.33 ಮೀಟರ್. "ಅಜ್ಜಾನ ಮರಿ ಬದುಕಿದ್ರ ಇಷ್ಟು ದೊಡ್ಡದಾಗ್ತಿತ್ತೇನ್ರಿ?"

ಅದಕ್ಕೆ ಉತ್ತರ ಹೇಳುವ ಮೊದಲು, ಮರಿಯ ಅಪ್ಪ ಯಾವುದು, ಅವ್ವ ಯಾವುದು ಎಂದು ಗೊತ್ತಾಗಬೇಕು. ಗಂಡು ಸಿಂಹ, ಹೆಣ್ಣು ಹುಲಿ ಕೂಡಿದರೆ ಲೈಗರ್. ಗಂಡು ಹುಲಿ, ಹೆಣ್ಣು ಸಿಂಹ ಕೂಡಿದರೆ ಟೈಗನ್. ಹೆಸರಲ್ಲಿ ಅಪ್ಪನ ಅಕ್ಷರ ಮುಂದೆ ಎಂದು ನೆನಪಿಟ್ಟರೆ ಸಾಕು. ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಗಂಡು ಕತ್ತೆಗೂ ಹೆಣ್ಣು ಕುದುರೆಗೂ ಹುಟ್ಟಿದ್ದು ಹೇಸರಗತ್ತೆ. ತಿರುವುಮುರುವಾಗಿ ಹುಟ್ಟಿದ್ದು ಬೇರೆಯದೇ ಪ್ರಾಣಿ, ಸಾಮಾನ್ಯವಾಗಿ ಚಿಕ್ಕದು. ಬೆರೆತದ್ದು ಅವೇ ಎರಡು ಜಾತಿಯಾದರೂ ಯಾವುದು ಯಾರಿಂದ ಬಂತು ಎನ್ನುವುದರ ಮೇಲೆ ಫಲ ಬೇರೆಯಾಗುತ್ತದೆ.

ಲೈಗರ್ ದೈತ್ಯನಾಗುವುದಕ್ಕೆ ವಿಜ್ಞಾನಿಗಳು ಕೊಡುವ ವಿವರಣೆ ಸಿಂಹದ ಸಂಸಾರಕ್ಕೆ ಸೇರಿದ್ದು. ಒಂದು ಸಿಂಹಿಣಿ ಒಂದೇ ಬೆದೆಯಲ್ಲಿ ಒಂದಕ್ಕಿಂತ ಹೆಚ್ಚು ಗಂಡುಗಳ ಜೊತೆ ಕೂಡಬಹುದು. ಹಾಗಾಗಿ ತನ್ನ ಮರಿ ಬೇರೆಯವನ ಮರಿಗಿಂತ ದೊಡ್ಡದಾಗಲಿ ಎಂದು ಗಂಡಿನ ಕಡೆಯ ಜೀನುಗಳು ಬೆಳವಣಿಗೆಯನ್ನು ಒತ್ತುತ್ತವೆ. ಹೆಣ್ಣಿನ ಕಡೆಯವು ಲಗಾಮು ಎಳೆಯುತ್ತವೆ. ಹುಲಿ ಒಂಟಿ ಬಾಳಿನದು, ಅಲ್ಲಿ ಈ ಜಗ್ಗಾಟ ಬೆಳೆದಿಲ್ಲ. ಲೈಗರಿಗೆ ಸಿಂಹದಿಂದ ಒತ್ತು ಸಿಗುತ್ತದೆ, ಹುಲಿತಾಯಿಯಿಂದ ಲಗಾಮು ಸಿಗುವುದಿಲ್ಲ. ಟೈಗನ್‌ನಲ್ಲಿ ಇದು ತಿರುಗುಮುರುಗು: ಲಗಾಮು ಇದೆ, ಒತ್ತಿಲ್ಲ. ಆದ್ದರಿಂದ ಅದು ದೈತ್ಯನಾಗುವುದಿಲ್ಲ.

ಇದನ್ನೆಲ್ಲ ನಾನು ಹುರುಪಿನಿಂದ ವಿವರಿಸಿದೆ. ಹುಡುಗ ಕೊನೆಗೆ ಕೇಳಿದ: "ಹಂಗಾರ ಇದಕ್ಕ ಕನ್ನಡದಾಗ ಏನಂತಾರ್ರಿ?" ನಮ್ಮಲ್ಲಿ ಪದವಿಲ್ಲ, ಪತ್ರಿಕೆಗಳು ಲೈಗರ್, ಟೈಗನ್ ಎಂದೇ ಬರೆಯುತ್ತವೆ. ಹೊಯ್ಸಳರ ಲಾಂಛನ ನೆನಪಾಯಿತು. ಸಳ ಹೊಡೆದದ್ದು ಹುಲಿ ಎನ್ನುತ್ತದೆ ಕಥೆ, ಬೇಲೂರಿನ ಕಲ್ಲಿನಲ್ಲಿ ನಿಂತಿರುವುದಕ್ಕೆ ಸಿಂಹದ ಕೇಸರ. ಶಾರ್ದೂಲ ಎಂದರೆ ಕೋಶದಲ್ಲಿ ಹುಲಿ, ಶಿಲ್ಪಿಯ ಉಳಿಯಲ್ಲಿ ಸಿಂಹದ ಹಾಗೆ. ಕನ್ನಡಿಗರು ಈ ಗೊಂದಲದ ಜೊತೆ ಶತಮಾನಗಳಿಂದ ಆರಾಮಾಗಿದ್ದಾರೆ ಎಂದೆ. ಎಲ್ಲರೂ ನಕ್ಕರು. ಸಂಜೆ ಚೆನ್ನಾಗಿ ಕಳೆಯಿತು. ದಿನವೂ ಒಂದು ಕಳೆಯಿತು.

ಹುಡುಕಾಟ

ಮುಂದಿನ ಆರು ವಾರ ನಾನು ಮಾಡಿದ್ದು ಇಷ್ಟೇ: ತೊಗಲಿನ ಮೇಲೆ ಗುರುತು ಹುಡುಕುವುದು. ದೊಡ್ಡ ಪ್ರಾಣಿಯಾಗಿದ್ದರೆ ಕೆಲಸ ಸುಲಭ. ಮರಿಯ ತೊಗಲಿನಲ್ಲಿ ಒಂದೊಂದು ಗುರುತೂ ಕೈಕೊಡುತ್ತದೆ. ಬೇರೆಯವರೂ ಇಂಥದ್ದೇ ಭ್ರಮೆಗೆ ಬೀಳಬಹುದು, ಆದ್ದರಿಂದ ಕೊಂಚ ವಿವರವಾಗಿ ಹೇಳುತ್ತೇನೆ.

ಮೊದಲು ಚುಕ್ಕೆ. ಚುಕ್ಕೆ ಕಂಡ ಕೂಡಲೇ ಅಣ್ಣ "ನೋಡ್ರಿ, ಸಿಂಹಕ್ಕೆಲ್ಲಿ ಚುಕ್ಕಿ?" ಎಂದಿದ್ದರು. ಸಿಂಹದ ಮರಿ ಹುಟ್ಟುವುದೇ ಚುಕ್ಕೆಗಳೊಂದಿಗೆ. ಬೆಳೆಯುತ್ತ ಅವು ಮಾಸುತ್ತವೆ, ಕೆಲವಕ್ಕೆ ಹೊಟ್ಟೆ, ಕಾಲುಗಳ ಮೇಲೆ ದೊಡ್ಡದಾದ ಮೇಲೂ ಉಳಿಯುತ್ತವೆ. ಹಾಗಾಗಿ ಚುಕ್ಕೆಯಿಂದ ಸಂಕರ ಎನ್ನುವಂತಿಲ್ಲ. ಆಮೇಲೆ ಬಾಲ. ಸಿಂಹದ ಬಾಲದ ತುದಿಯಲ್ಲಿ ಕುಚ್ಚು ಇರುತ್ತದೆ, ಇದರಲ್ಲಿ ಇರಲಿಲ್ಲ. ಆದರೆ ಕುಚ್ಚು ಮೂಡುವುದೇ ಐದಾರು ತಿಂಗಳಿಗೆ. ಎರಡು ತಿಂಗಳ ಮರಿಯಲ್ಲಿ ಕುಚ್ಚು ಇಲ್ಲದಿರುವುದು ಯಾವುದಕ್ಕೂ ಸಾಕ್ಷಿಯಲ್ಲ.

ಉಳಿದದ್ದು ಕಿವಿ. ಹುಲಿಯ ಕಿವಿಯ ಹಿಂಬದಿ ಕಪ್ಪು, ನಡುವೆ ಅಚ್ಚ ಬಿಳಿ ಮಚ್ಚೆ. ಕಾತ್ರಜದ ಪ್ರಾಣಿಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ದಾಗ, ಹುಲಿ ಬೆನ್ನು ತಿರುಗಿಸಿ ಕುಳಿತಿದೆ ಎಂದು ಬೇಜಾರಾಗುವವರಿಗೆ ನಾನು ಇದನ್ನೇ ತೋರಿಸುತ್ತಿದ್ದೆ. ಸಿಂಹದ ಕಿವಿಯ ಹಿಂದೆ ಕಪ್ಪು ಪಟ್ಟೆ ಇದೆ, ಬಿಳಿ ಮಚ್ಚೆ ಇಲ್ಲ. ಉಳಿದಿದ್ದ ಆ ಒಂದು ಕಿವಿಯ ಮೇಲೆ ಒದ್ದೆ ಹತ್ತಿ ಇಟ್ಟು ಒಂದೂವರೆ ಗಂಟೆ ಕಾದೆವು. ತಂಗಿ ಕುಂಕುಮದ ಕಡ್ಡಿಯಿಂದ ಮೆಲ್ಲಗೆ ಅಂಚು ಬಿಡಿಸಿದರು. ಕಪ್ಪು ಕಂಡಿತು. ನಡುವೆ ತುಸು ತೆಳುವಾದ ಬಣ್ಣ ಕಂಡಿತು. ಅದು ಮಚ್ಚೆಯೋ, ಕೂದಲು ಉದುರಿ ಕಂಡ ಚರ್ಮವೋ? ಅಣ್ಣ ಮಚ್ಚೆ ಎಂದರು, ತಮ್ಮ ಇಲ್ಲ ಎಂದರು. ಭೂತಗನ್ನಡಿ ಹಿಡಿದ ನಾನು ಇಬ್ಬರಿಗೂ ಸರಿ ಎನ್ನುವಂತೆ ತಲೆಯಾಡಿಸಿದೆ.

ಗೆರೆಗಳು ಉಳಿದವು. ಅವುಗಳನ್ನು ನಂಬಬಹುದಿತ್ತು, ಆದರೆ ನಾಲ್ಕೈದು ಮಸಕು ಗೆರೆಗಳ ಮೇಲೆ ಒಂದು ಜಾತಿ ನಿಲ್ಲಿಸಲಾರೆ. ಹದ ಮಾಡುವಾಗ ಮಡಚಿಟ್ಟರೂ ತೊಗಲಿನ ಮೇಲೆ ಅಡ್ಡ ಕಲೆಗಳು ಬೀಳುತ್ತವೆ.

ನಡುವೆ ಇನ್ನೊಂದು ಅಡ್ಡದಾರಿ. ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಹಳೆಯ ಪ್ರಸಂಗವೊಂದನ್ನು ನಾನು ಮಾತಿನ ಭರದಲ್ಲಿ ಹೇಳಿಬಿಟ್ಟೆ. 1910ರಲ್ಲಿ ಕೊಲ್ಹಾಪುರದಲ್ಲಿ ಗಂಡು ಚಿರತೆಗೂ ಸಿಂಹಿಣಿಗೂ ಎರಡು ಮರಿ ಹುಟ್ಟಿದ್ದವು. ಒಂದು ಎರಡೂವರೆ ತಿಂಗಳಿಗೆ ಸತ್ತಿತು. ಅದರ ತೊಗಲನ್ನು ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಡಬ್ಲ್ಯು. ಎಸ್. ಮಿಲ್ಲಾರ್ಡ್ ಲಂಡನ್ನಿನ ಪ್ರಾಣಿಶಾಸ್ತ್ರಜ್ಞ ಪೊಕಾಕ್‌ಗೆ ಕಳಿಸಿದರು, ಪೊಕಾಕ್ 1912ರಲ್ಲಿ ಅದನ್ನು ವಿವರಿಸಿ ಬರೆದರು. ಲೆಪನ್ ಎಂಬ ಸಂಕರದ ಮೊದಲ ದಾಖಲೆ ಅದು. ಹೇಳಿ ಮುಗಿಸುವಷ್ಟರಲ್ಲಿ ಅಣ್ಣನ ಕಣ್ಣು ಅರಳಿತ್ತು. "ಕೊಲ್ಹಾಪುರ ಮಿರಜಿಗೆ ಎಷ್ಟು ದೂರ ಐತ್ರಿ ಸರ? ಚುಕ್ಕಿ, ಮರಿ, ಎರಡು ತಿಂಗಳು, ಎಲ್ಲಾ ಹೊಂದಾಣಿಕೆ ಆಗ್ತದಲ್ರಿ!" ಅರವತ್ತು ವರ್ಷದ ಅಂತರವನ್ನು ಅವರಿಗೆ ತಿಳಿಸಿಹೇಳುವುದಕ್ಕೆ ಮೂರು ದಿನ ಹಿಡಿಯಿತು.

ನನಗೆ ಬೇರೊಂದು ಅನುಮಾನವಿತ್ತು, ಹೇಳಿರಲಿಲ್ಲ. ಕಲ್ಕತ್ತೆಯ ಅಲಿಪುರ ಮೃಗಾಲಯದ ರುದ್ರಾಣಿ ಎಂಬ ಟೈಗನ್ ಹೆಸರಾದದ್ದು. ಸಂಕರ ಸಸ್ತನಿಗಳಲ್ಲಿ ಸಾಮಾನ್ಯವಾಗಿ ಗಂಡು ಬರಡು, ಹೆಣ್ಣು ಫಲ ಕೊಡಬಹುದು. ಜೆ. ಬಿ. ಎಸ್. ಹಾಲ್ಡೇನ್ 1922ರಲ್ಲಿ ಹೇಳಿದ ಸೂತ್ರ ಇದು, ಅದೇ ಹಾಲ್ಡೇನ್ ಕೊನೆಗಾಲಕ್ಕೆ ನಮ್ಮ ದೇಶಕ್ಕೆ ಬಂದು ಭುವನೇಶ್ವರದಲ್ಲಿ ತೀರಿಕೊಂಡವರು. ಆ ಸೂತ್ರಕ್ಕೆ ರುದ್ರಾಣಿಗಿಂತ ಒಳ್ಳೆಯ ಉದಾಹರಣೆ ಬೇಡ: ದೇವವ್ರತ ಎಂಬ ಏಷ್ಯಾ ಸಿಂಹದ ಜೊತೆ ಕೂಡಿ ಏಳು ಲಿಟಿಗನ್ (ಸಿಂಹಕ್ಕೂ ಟೈಗನ್‌ಗೂ ಹುಟ್ಟಿದ) ಮರಿ ಹಾಕಿತು. ಅವುಗಳಲ್ಲಿ ಕ್ಯೂಬಾನಕಾನ್ ಎಂಬುದು 363 ಕಿಲೋ ತೂಗುವಷ್ಟು ಬೆಳೆದು 1991ರಲ್ಲಿ ಸತ್ತಿತು. ಇಂಥ ಸಂಕರಗಳಿಗೆ ಸರ್ಕಾರ 1985ರಲ್ಲೇ ತಡೆ ಹಾಕಿತ್ತು. ಮುದುಕರು ಪೇಪರಿನಲ್ಲಿ ಇದನ್ನು ಓದಿ ತಮ್ಮ ಕಥೆ ಕಟ್ಟಿದರೇ ಎನ್ನುವುದು ನನ್ನ ಅನುಮಾನ. ಆದರೆ ರುದ್ರಾಣಿ ಹುಟ್ಟಿದ್ದು 1971ರಲ್ಲಿ. ಫೋಟೋದ ಮೊಹರು ಅದಕ್ಕೆ ಎರಡು ವರ್ಷ ಮುಂಚಿನದು. ಅನುಮಾನ ಅಲ್ಲಿಗೇ ಕುಸಿಯಿತು, ಅದರ ಜಾಗದಲ್ಲಿ ನಿಲ್ಲಿಸುವುದಕ್ಕೆ ಬೇರೇನೂ ನನ್ನ ಹತ್ತಿರ ಇರಲಿಲ್ಲ.

ಅರವತ್ತೊಂದನೇ ದಿನ

ಈ ಹೊತ್ತಿಗೆ ಅಣ್ಣನ ಮಗ ತೊಗಲಿನ ಫೋಟೋವನ್ನು ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಿದ್ದ. "ಅಜ್ಜನ ಲೈಗರ್" ಎಂಬ ಸಾಲಿನೊಂದಿಗೆ. ಅಲ್ಲಿಂದ ಅದು ಎಲ್ಲೆಲ್ಲಿ ಸುತ್ತಿತೋ. ಒಂದು ಮಧ್ಯಾಹ್ನ ಅಣ್ಣನಿಗೆ ಹಿಂದಿಯಲ್ಲಿ ಮಾತಾಡುವ ಯಾರೋ ಫೋನ್ ಮಾಡಿ ಆರಂಕಿಯ ಬೆಲೆ ಹೇಳಿದರು. ಅಣ್ಣ ಮಾರುವ ಮನುಷ್ಯರಲ್ಲ. ಆದರೆ ಇಲ್ಲ ಎಂದು ಫೋನ್ ಇಟ್ಟ ಮೇಲೂ ಬೆಲೆಯನ್ನು ಎರಡು ಸಲ ಗಟ್ಟಿಯಾಗಿ ಹೇಳಿಕೊಂಡರಂತೆ. ತಮ್ಮ ಗಾಬರಿಯಾಗಿ ನನಗೆ ಫೋನ್ ಮಾಡಿದರು.

ನಾನು ಧಾರವಾಡದ ಕಾಲೇಜು ದಿನಗಳ ಗೆಳೆಯನೊಬ್ಬನಿಗೆ ಫೋನ್ ಮಾಡಿದೆ. ಈಗ ಅವನು ವಕೀಲ. ನಾನು ಚುಕ್ಕೆ, ಕಿವಿ, ಕುಚ್ಚು ಎಲ್ಲ ವರದಿ ಒಪ್ಪಿಸಿದೆ. ಅವನು ಕೇಳಿಸಿಕೊಂಡು ಒಂದೇ ಮಾತು ಕೇಳಿದ: "ಆ ಮನುಷ್ಯಾ ತೀರಿಕೊಂಡು ಇವತ್ತಿಗೆ ಎಷ್ಟು ದಿನಾತು?"

ಲೆಕ್ಕ ಹಾಕಿದೆ. ಅರವತ್ತೊಂದು.

"ಇನ್ನ ಇಪ್ಪತ್ತೊಂಬತ್ತು ಉಳದಾವು. ಅದು ಹುಲಿ ಆಗಲಿ, ಸಿಂಹ ಆಗಲಿ, ನಿನ್ನ ತಲಿ ಆಗಲಿ, ಮೊದಲ ಘೋಷಣಾ ಕೊಡಸು."

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗಲೇ ಇಂಥ ವಸ್ತು ಇಟ್ಟುಕೊಂಡವರು ಘೋಷಿಸಿಕೊಳ್ಳಬೇಕಿತ್ತು. 2003ರಲ್ಲಿ ಇನ್ನೊಮ್ಮೆ 180 ದಿನಗಳ ಅವಕಾಶ ಸಿಕ್ಕಿತ್ತು. ಮುದುಕರು ಎರಡನ್ನೂ ಬಿಟ್ಟಿದ್ದರು, ಬಹುಶಃ ಅವರಿಗೆ ಗೊತ್ತೇ ಇರಲಿಲ್ಲ. ಆದರೆ ವಾರಸುದಾರಿಕೆಯಿಂದ ಕೈಗೆ ಬಂದವರಿಗೆ ಕಾಯ್ದೆಯ 40ನೇ ಕಲಮಿನಲ್ಲಿ ಬೇರೆ ದಾರಿ ಇದೆ: ಕೈಗೆ ಬಂದ 90 ದಿನಗಳೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಥವಾ ಅವರು ನೇಮಿಸಿದ ಅಧಿಕಾರಿಗೆ ತಿಳಿಸಬೇಕು. ತಿಳಿಸದೆ ಸಿಕ್ಕಿಬಿದ್ದರೆ, ಅದು ಸಕ್ರಮ ಎಂದು ತೋರಿಸುವ ಹೊಣೆ ಇಟ್ಟುಕೊಂಡವರದೇ. ಕಾಯ್ದೆಯ ಒಂದನೇ ಅನುಸೂಚಿ, ಅಂದರೆ ಹೆಚ್ಚಿನ ರಕ್ಷಣೆಯ ಪಟ್ಟಿಯ ಪ್ರಾಣಿಯಾದರೆ ಶಿಕ್ಷೆ ಮೂರರಿಂದ ಏಳು ವರ್ಷ.

ಪಟ್ಟಿಯಲ್ಲಿ ಲೈಗರ್ ಇಲ್ಲ ಎಂಬ ಅಣ್ಣನ ವಾದವನ್ನೂ ಗೆಳೆಯನ ಮುಂದಿಟ್ಟೆ. ಅವನು ನಕ್ಕ. "ಕೋರ್ಟಿನ್ಯಾಗ ಛಂದ ಕಾಣೋ ವಾದ. ಆದ್ರ ಕೋರ್ಟು ಮುಟ್ಟಬೇಕಂದ್ರ ಮೊದಲ ಅರೆಸ್ಟ್ ಆಗಬೇಕಲ್ಲ?" ಸುಡುವ ಮಾತಿಗೆ ಅವನು ನಗಲಿಲ್ಲ. ಫೋಟೋ ಊರೆಲ್ಲ ಸುತ್ತಿರುವಾಗ ತೊಗಲು ಇಲ್ಲವಾದರೆ ಆಮೇಲೆ ಏನು ಹೇಳುತ್ತೀರಿ ಎಂದ.

ಪ್ರಾಣಿ ಯಾವುದೆಂದು ಗೊತ್ತಾದ ಮೇಲೆ ಕಾನೂನಿನ ಕೆಲಸ ಎಂದು ನಾನು ಅಂದುಕೊಂಡಿದ್ದೆ. ಕಾನೂನು ಆ ಉತ್ತರಕ್ಕಾಗಿ ಕಾಯುತ್ತಲೇ ಇರಲಿಲ್ಲ. ಗುರುತು ಹಚ್ಚುವುದು ಇಲಾಖೆಯ ಪಾಡು, ಇದೆ ಎಂದು ಹೇಳುವುದು ಮನೆಯವರ ಪಾಡು. ಅವರ ಆರು ವಾರಗಳನ್ನು ನಾನು ತಿಂದಿದ್ದೆ.

ಅವ್ವನ ಮಾತು

ಅರ್ಜಿಯಲ್ಲಿ ತೊಗಲು ಹೇಗೆ, ಯಾವಾಗ ಬಂತೆಂದು ಬರೆಯಬೇಕಿತ್ತು. ಆಗಷ್ಟೇ ಅವ್ವನನ್ನು ಕೂರಿಸಿಕೊಂಡು ಕೇಳಿದೆವು. ಅವರು ಮದುವೆಯಾಗಿ ತಂಬಿಗೆ ಬಂದ ವರ್ಷವೇ ಅದು ಹುಟ್ಟಿದ್ದು. ಅವರ ಮಾತನ್ನು ಆಡಿದ ಹಾಗೆಯೇ ಬರೆದುಕೊಂಡಿದ್ದೇನೆ:

"ಅದರ ಅವ್ವಗ ಗೆರಿ ಇರ್ಲಿಲ್ಲೋ ಯಪ್ಪಾ. ಗೋದಿ ಹಿಟ್ಟಿನ ಬಣ್ಣದ್ದು. ಬಾಜೂ ಬೋನಿನ್ಯಾಗ ಗೆರಿ ಇದ್ದದ್ದು ಗಂಡು. ಮರಿಯಾಗಿಂದ ಎರಡೂ ಕೂಡೇ ಬೆಳದಾವಂತ, ನಿಮ್ಮಪ್ಪ ಹೇಳ್ತಿದ್ರು. ಅದು ಮರೀಗೆ ಹಾಲು ಕೊಡ್ಲಿಲ್ಲ, ಒದ್ದುಬಿಡ್ತು. ಆಡಿನ ಹಾಲಿಗೆ ನೀರು ಬೆರಸಿ ಇದೇ ಬಟ್ಟಲದಾಗ ಅರಬಿ ಅದ್ದಿ ಬಾಯಾಗ ಇಡ್ತಿದ್ರು. ಹೆಣ್ಣುಮರಿ. ಸತ್ತಾಗ ನಿಮ್ಮಪ್ಪ ಎರಡು ದಿನ ಉಂಡಿಲ್ಲ. ಮಾಲಕ್ರು ತೊಗಲಾ ತಾವಿಟ್ಕೋತೀವಿ ಅಂದ್ರು, ಇವರು ಪಗಾರ ಬಿಟ್ಟು ಇಸ್ಕೊಂಡ್ರು."

ಅಣ್ಣ ಮಾತಾಡಲಿಲ್ಲ. ಅವ್ವ ಹೇಳಿದ್ದು ನಿಜವಾದರೆ ಅದು ಲೈಗರ್ ಅಲ್ಲ, ಟೈಗನ್. ಮುದುಕರು ಹೆಸರು ತಪ್ಪು ಹೇಳಿದ್ದರು, ಕಥೆ ತಪ್ಪು ಹೇಳಿರಲಿಲ್ಲ. "ಇಷ್ಟು ದಿನಾ ಯಾಕ ಹೇಳ್ಲಿಲ್ಲವ್ವಾ?" ಎಂದು ತಂಗಿ ಕೇಳಿದರು. "ಯಾರ್ ಕೇಳಿದ್ರು?" ಎಂದರು ಅವ್ವ.

ಮುಂದೇನಾಯಿತು

ಎಪ್ಪತ್ತೊಂಬತ್ತನೇ ದಿನ ಘೋಷಣೆ ಸಲ್ಲಿಸಿದೆವು. ಒಂದು ಪ್ರತಿ ಸ್ಥಳೀಯ ಅರಣ್ಯ ಕಚೇರಿಗೆ, ಒಂದು ನಾಗಪುರದ ಮುಖ್ಯ ಕಚೇರಿಗೆ. ಮರಾಠಿಯಲ್ಲಿ ಬರೆದದ್ದು ತಂಗಿ, ತಿದ್ದಿದ್ದು ಗೆಳೆಯ. ಮಾಲೀಕತ್ವದ ಪ್ರಮಾಣಪತ್ರ ನಮಗೆ ಬೇಡ, ಇಲಾಖೆಯೇ ವಶಕ್ಕೆ ತೆಗೆದುಕೊಳ್ಳಲಿ ಎಂಬ ಸಾಲನ್ನು ಅಣ್ಣ ಎರಡು ದಿನ ಯೋಚಿಸಿ ಸೇರಿಸಿದರು. ಬಲವಂತ ಮಾಡಬಾರದೆಂದು ನಾವು ಸುಮ್ಮನಿದ್ದೆವು. ಅಷ್ಟರಮಟ್ಟಿಗೆ ನಾನು ಪಾಠ ಕಲಿತಿದ್ದೆ.

ಇಬ್ಬರು ಸಿಬ್ಬಂದಿ ಬಂದು ಪಂಚನಾಮೆ ಮಾಡಿದರು. ಪ್ರಾಣಿಯ ಜಾತಿ ಎಂಬ ಜಾಗದಲ್ಲಿ ಪೆನ್ನು ನಿಂತಿತು. ಒಬ್ಬರು ನನ್ನ ಮುಖ ನೋಡಿದರು. ಆರು ವಾರ ಹಿಂದಾಗಿದ್ದರೆ ಒಂದು ಗಂಟೆ ಉಪನ್ಯಾಸ ಕೊಡುತ್ತಿದ್ದೆ. "ದೊಡ್ಡ ಬೆಕ್ಕಿನ ಜಾತಿಯ ಮರಿ, ಗುರುತು ಬಾಕಿ ಅಂತ ಬರೀರಿ" ಎಂದೆ. ತೊಗಲನ್ನು ಬಟ್ಟೆಯ ಚೀಲದಲ್ಲಿ ಹಾಕಿ ಅರಗಿನ ಮುದ್ರೆ ಒತ್ತಿದರು. ಅವ್ವ ಎನಾಮಲ್ ಬಟ್ಟಲನ್ನು ತಂದು ಮುಂದೆ ಹಿಡಿದರು: ಇದನ್ನೂ ಒಯ್ಯಬೇಕೇ? ಬೇಡ ಆಜಿ ಎಂದರು ಅವರು.

ತುಂಡೊಂದು ಪ್ರಯೋಗಾಲಯಕ್ಕೆ ಹೋಯಿತು. ಎಂಟು ತಿಂಗಳ ಮೇಲೆ ವರದಿ ಬಂತು: ಸಿಂಹ.

ಮನೆಯಲ್ಲಿ ಸೂತಕದ ಮೌನ. ತಮ್ಮ ಫೋನ್ ಮಾಡಿ, "ಅಪ್ಪ ಸುಳ್ಳೇ ಹೇಳ್ಯಾರಲ್ರಿ ಸರ" ಎಂದರು. ಈ ಸಲ ಮಾತ್ರ ನನ್ನ ಮೇಷ್ಟ್ರತನ ಉಪಯೋಗಕ್ಕೆ ಬಂತು.

ಹಳೆಯ ತೊಗಲು, ಕೊಂಬು, ಮಾಂಸದ ತುಂಡುಗಳಿಂದ ಪ್ರಾಣಿ ಗುರುತಿಸುವಾಗ ಸಾಮಾನ್ಯವಾಗಿ ನೋಡುವುದು ಮೈಟೋಕಾಂಡ್ರಿಯಾದ, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಕಣಗಳ ಡಿಎನ್‌ಎ. ಹೈದರಾಬಾದಿನ ಸಿಸಿಎಂಬಿ ಎಂಬ ಜೀವಶಾಸ್ತ್ರ ಸಂಶೋಧನಾ ಸಂಸ್ಥೆಯವರು ಬೆಳೆಸಿದ ಹೆಸರಾಂತ ವಿಧಾನವೂ ಇದರ ಒಂದು ಜೀನನ್ನೇ ಹಿಡಿದದ್ದು. ಕಾರಣ ಸರಳ: ಜೀವಕೋಶದ ನಡುವಣ ಡಿಎನ್‌ಎಗೆ ಎರಡೇ ಪ್ರತಿ, ಮೈಟೋಕಾಂಡ್ರಿಯಾದ್ದಕ್ಕೆ ನೂರಾರು, ಸಾವಿರಾರು. ಹದ ಮಾಡಿ, ಐವತ್ತು ವರ್ಷ ಟ್ರಂಕಿನಲ್ಲಿಟ್ಟ ತೊಗಲಿನಲ್ಲಿ ಏನಾದರೂ ಉಳಿದಿದ್ದರೆ ಅದೇ ಉಳಿದಿರುತ್ತದೆ. ಆದರೆ ಅದು ಬರುವುದು ಅವ್ವನಿಂದ ಮಾತ್ರ. ಅಪ್ಪನ ಸುಳಿವೇ ಅದರಲ್ಲಿರುವುದಿಲ್ಲ. ಅಲಿಪುರದ ರುದ್ರಾಣಿಯ ತೊಗಲನ್ನು ಕೊಟ್ಟಿದ್ದರೂ ಇದೇ ಪರೀಕ್ಷೆ ಸಿಂಹ ಎನ್ನುತ್ತಿತ್ತು. ಹರ್ಕ್ಯುಲಿಸನ ಕೂದಲು ಕೊಟ್ಟರೆ ಹುಲಿ ಎನ್ನುತ್ತದೆ. ಮರಿ ಗಂಡಾಗಿದ್ದರೆ ಅಪ್ಪನಿಂದ ಬರುವ ವೈ ವರ್ಣತಂತುವಿನ ಚೂರಾದರೂ ಹುಡುಕಬಹುದಿತ್ತು. ಅವ್ವ ಹೇಳಿದ ಹಾಗೆ ಅದು ಹೆಣ್ಣುಮರಿ.

ಅಂದರೆ ಪ್ರಯೋಗಾಲಯ ಎಂಟು ತಿಂಗಳಿಗೆ ಹೇಳಿದ್ದು, ಅವ್ವ ಒಂದು ಮಧ್ಯಾಹ್ನ ಹೇಳಿದ್ದರ ಅರ್ಧ: ಅದರ ಅವ್ವಗೆ ಗೆರೆ ಇರಲಿಲ್ಲ. ಅಪ್ಪ ಯಾರೆಂದು ತೊಗಲು ಹೇಳಿಲ್ಲ. ಮರಿ ಬರೀ ಸಿಂಹವೂ ಆಗಿರಬಹುದು, ಟೈಗನ್ ಕೂಡ ಆಗಿರಬಹುದು. ಸಿಂಹ ಎಂಬ ಪದವೂ ನಾವು ತಿಳಿದಷ್ಟು ನೇರವಲ್ಲ. ಆ ಕಾಲದ ಸರ್ಕಸ್ಸುಗಳಲ್ಲಿ ಆಫ್ರಿಕಾದ ಸಿಂಹ, ಗಿರ್ ಸಿಂಹ ಬೆರೆತುಹೋಗಿದ್ದವು. ಚಂಡೀಗಢದ ಹತ್ತಿರದ ಛತ್‌ಬೀರ್ ಮೃಗಾಲಯದಲ್ಲಿ ಅಂಥ ಬೆರಕೆಯಿಂದಲೇ ರೋಗಪೀಡಿತ ಹಿಂಡು ಬೆಳೆದು, ಕೊನೆಗೆ ಅವುಗಳ ಸಂತಾನವನ್ನೇ ನಿಲ್ಲಿಸಬೇಕಾಯಿತು.

ಮನೆಯವರ ಮೇಲೆ ಮೊಕದ್ದಮೆ ಆಗಲಿಲ್ಲ. ಅವಧಿಯೊಳಗೆ ತಾವಾಗಿಯೇ ಹೇಳಿದ್ದರು, ಬಿಟ್ಟೂ ಕೊಟ್ಟಿದ್ದರು. ತಂಗಿಯ ಮ್ಯೂಸಿಯಂ ಆಸೆ ನೆರವೇರಲಿಲ್ಲ.

ಇಂಥದ್ದೇ ಫೋನ್ ನಾಳೆ ಬಂದರೆ ನಾನು ಬೇರೆ ಥರ ನಡೆದುಕೊಳ್ಳುತ್ತೇನೆ. ಮೊದಲು ತೀರಿಕೊಂಡ ತಾರೀಖು ಕೇಳುತ್ತೇನೆ, ಭೂತಗನ್ನಡಿ ಆಮೇಲೆ. ಫೋಟೋ ತೆಗೆಯಬೇಡಿ, ತೆಗೆದರೂ ಯಾರಿಗೂ ಕಳಿಸಬೇಡಿ ಎಂದು ಹೊಸ್ತಿಲಲ್ಲೇ ಹೇಳುತ್ತೇನೆ. ಕಿವಿಯ ಮೇಲೆ ಒದ್ದೆ ಹತ್ತಿ ಇಡುವುದಿಲ್ಲ, ಅದು ನನ್ನ ಕೆಲಸವಲ್ಲ, ಹಾಗೆ ಮಾಡಿ ತೊಗಲನ್ನು ಇನ್ನಷ್ಟು ಕೆಡಿಸಿದೆ ಎಂಬ ಅಳುಕು ಈಗಲೂ ಇದೆ. ಅಡುಗೆಮನೆಯ ಬಾಗಿಲಲ್ಲಿ ನಿಂತವರನ್ನು ಒಳಗೆ ಕರೆದು ಕೂರಿಸುತ್ತೇನೆ. ವರದಿ ಬರುವ ಮೊದಲೇ, ಈ ಪರೀಕ್ಷೆ ಹೇಳುವುದು ತಾಯಿಯ ಜಾತಿ ಮಾತ್ರ ಎಂದು ತಿಳಿಸಿರುತ್ತೇನೆ. ಆಗ ಒಂದು ಮನೆಯವರು ಒಂದು ರಾತ್ರಿಯಾದರೂ ಸತ್ತ ಅಪ್ಪನನ್ನು ಸುಳ್ಳುಗಾರ ಎಂದುಕೊಂಡು ಮಲಗುವುದು ತಪ್ಪುತ್ತದೆ.

ವರದಿ ಬಂದ ವಾರದ ಮೇಲೆ ಅಣ್ಣನ ಫೋನ್ ಬಂತು. ಬಹಳ ಹೊತ್ತು ಮಳೆ, ಮಗನ ಪರೀಕ್ಷೆ ಅಂತ ಮಾತಾಡಿದರು. ಕೊನೆಗೆ ಕೇಳಿದರು: "ಸರ, ಟೈಗನ್ ಅಂತ ಅನ್ನಬಹುದಲ್ರಿ?"

"ಮನ್ಯಾಗ ಅನ್ರಿ" ಎಂದೆ. "ಅರ್ಜಿಯಾಗ ಬ್ಯಾಡ."